ಪಟೇಲ್ರು ಮನೆ ನೋಡಲು ಬಂದರು

ನಮ್ಮ ಮನೆ ನೋಡಲು ಇದುವರೆಗೆ ಎರಡು ಕಡೆಯವರು ಬಂದು ಹೋಗಿದ್ದಾರೆ. ಇಬ್ಬರೂ ಉಪ್ಪಿಟ್ಟು ತಿಂದರು, ಕೇಸರಿಬಾತು ತಿಂದರು, ಕಾಫಿ ಕುಡಿದರು, "ಊರಿಗೆ ಹೋಗಿ ತಿಳಿಸ್ತೀವಿ" ಅಂದರು. ಊರು ಅಷ್ಟೊಂದು ದೂರವೇ? ಒಬ್ಬರದು ನಾಗಮಂಗಲ, ಇನ್ನೊಬ್ಬರದು ಬೆಳಗೊಳ. ನಮ್ಮ ಪಾಂಡವಪುರದಿಂದ ಕಾಲ್ನಡಿಗೆಯಲ್ಲಿ ಹೊರಟಿದ್ದರೂ ಇಷ್ಟು ಹೊತ್ತಿಗೆ ಮುಟ್ಟಿರಬೇಕಿತ್ತು.

ಹೋದ ಭಾನುವಾರ ಮೂರನೆಯವರು ಬಂದಿದ್ದರು. ಹೆಣ್ಣಿನ ಕಡೆಯವರಲ್ಲ.

ಓತಿಕ್ಯಾತನ ಕಡೆಯವರು.

(ನಗಬೇಡಿ. ಹೌದು, ಅದೇ ಓತಿಕ್ಯಾತ. ಬೇಲಿ ಮೇಲೆ ಕೂತು ಹೋಗೋರು ಬರೋರಿಗೆಲ್ಲ ತಲೆ ಅಲ್ಲಾಡಿಸುತ್ತದಲ್ಲ, ಅದೇ.)

ಮೊದಲಿನಿಂದ ಹೇಳುತ್ತೇನೆ. ನನ್ನ ಗೆಳೆಯ ಸ್ವಾಮಿ ಬಸ್ ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದಾನೆ. ಈಚೆಗೆ ಅಲ್ಲೊಂದು ಟಿವಿ ಬಂದಿದೆ, ಟಿವಿಗೆ ಕೇಬಲ್ ಬಂದಿದೆ, ಕೇಬಲ್ಲಿಗೆ ಊರೇ ಬಂದು ಕೂರುತ್ತಿದೆ. ಫೋನ್ ಮಾಡಲು ಬಂದವರು ಯಾರಿಗೆ ಮಾಡಬೇಕಿತ್ತು ಅನ್ನೋದನ್ನೇ ಮರೆತು ಸ್ಟೂಲ್ ಹುಡುಕುತ್ತಾರೆ. ಒಂದು ಸಂಜೆ ಅದರಲ್ಲಿ ಆಸ್ಟ್ರೇಲಿಯಾದ ಓತಿಯನ್ನು ತೋರಿಸಿದರು. ಅದಕ್ಕೆ ಗಡ್ಡ! ಸಿಟ್ಟು ಬಂದರೆ ಗಂಟಲು ಉಬ್ಬಿಸಿ, ಕಪ್ಪು ಮುಳ್ಳಿನ ಗಡ್ಡ ಬಿಡುತ್ತದೆ. ಒಬ್ಬ ಬಿಳಿಯ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು, ಸೊಪ್ಪು ತಿನ್ನಿಸುತ್ತಾ, ಸೊಸೆಯ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಿದ್ದ.

ನಾನು ಬೂತಿನ ನಡುವೆ ಎದ್ದು ನಿಂತು ಘೋಷಿಸಿದೆ. "ನಾನೂ ಒಂದು ಸಾಕ್ತೀನಿ."

ಸ್ವಾಮಿ ರಿಸೀವರ್ ಕೆಳಗಿಟ್ಟ. "ಅದುನ್ನ ತರಕ್ಕೆ ಆಸ್ಟ್ರೇಲಿಯಾಕ್ ಓದೀಯೇನ್ಲಾ? ನಮ್ ಬೇಲಿ ಮ್ಯಾಲೆ ಅದ್ರ ದೊಡ್ಡಪ್ಪನ್ ಮಗ ಕೂತವ್ನೆ. ಓಗಿ ಮಾತಾಡ್ಸು."

ಇಡೀ ಬೂತು ನಕ್ಕಿತು. ನಾನೂ ನಕ್ಕೆ. ನಾನು ಏನು ಹೇಳಿದರೂ ಜನ ನಗುತ್ತಾರೆ. ಅದು ನನ್ನ ಹೊಟ್ಟೆಪಾಡು. ಗಣೇಶನ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ, ಬೀಗರ ಊಟ, ಎಲ್ಲಿ ಮೈಕ್ ಇದೆಯೋ ಅಲ್ಲಿ ನಾನು. ಬಸ್ ಕಂಡಕ್ಟರ್, ಹೆಡ್ಮಾಸ್ಟ್ರು, ಹಾಲಿನ ಡೇರಿ ಸೆಕ್ರೆಟರಿ, ಕೊನೆಗೆ ನಮ್ಮಪ್ಪ. ಎಲ್ಲರ ದನಿಯನ್ನೂ ಮಾಡುತ್ತೇನೆ. ಇದರಿಂದ ಒಂದೇ ಒಂದು ತೊಂದರೆ. ಜ್ವರ ಬಂದಿದೆ ಅಂದರೂ ಮನೆಯಲ್ಲಿ "ಇದ್ಯಾರ್ದು?" ಅಂತ ಕೇಳುತ್ತಾರೆ.

ಪ್ರಾಣಿ ಸಾಕುವ ಅನುಭವವೂ ಇಲ್ಲ. ನಾಯಿ ಇಲ್ಲ, ಬೆಕ್ಕಿಲ್ಲ, ಹಸು ಮಾರಿ ಬಹಳ ಕಾಲವಾಯಿತು. "ಸಾಕಿರೋದು ಇವ್ನೊಬ್ಬನ್ನೇ. ಅದೇ ಸಾಕಾಗೋಗದೆ" ಅನ್ನುತ್ತಾಳೆ ಅವ್ವ.

ಆದರೆ ಗಡ್ಡದ ಓತಿ ತಲೆಯಿಂದ ಇಳಿಯಲಿಲ್ಲ. ನಮ್ಮಂಥವರ ತಲೆಯಲ್ಲಿ ಏನಾದರೂ ಕೂತರೆ ಏನಾಗುತ್ತದೆ? ಐಟಂ ಆಗುತ್ತದೆ. ಶ್ರೀರಂಗಪಟ್ಟಣದ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಓತಿಕ್ಯಾತನ ಮಿಮಿಕ್ರಿ ಮಾಡಿದೆ. ಭಾಷಣ ಕೇಳುತ್ತಾ ಎಲ್ಲದಕ್ಕೂ ತಲೆ ಆಡಿಸುವ ಓತಿಕ್ಯಾತ. ಶಿಳ್ಳೆಯೋ ಶಿಳ್ಳೆ.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಮೇಡಂ ಸೀದಾ ಬಂದರು. ಅದೇ ಶಾಲೆಯ ವಿಜ್ಞಾನದ ಟೀಚರ್, ಹೆಸರು ವಿಮಲಾ. ಕಾಟನ್ ಸೀರೆ, ಕನ್ನಡಕ, ಮುಖದಲ್ಲಿ ನಗುವಿನ ಸುಳಿವಿಲ್ಲ.

"ಎಲ್ಲಾ ಚೆನ್ನಾಗಿ ಮಾಡಿದ್ರಿ. ಓತಿ ಮಾತ್ರ ತಪ್ಪು."

ನನ್ನ ಕಲಾಜೀವನದಲ್ಲಿ ತಕರಾರುಗಳಿಗೆ ಕೊರತೆಯಿಲ್ಲ. ಡೇರಿ ಸೆಕ್ರೆಟರಿ ಮನೆತನಕ ಬಂದು ಜಗಳ ಆಡಿದ್ದಾರೆ. ಆದರೆ ಓತಿಕ್ಯಾತನ ಪರವಾಗಿ ತಕರಾರು ಬಂದದ್ದು ಇದೇ ಮೊದಲು.

"ತಪ್ಪು ಅಂದ್ರೆ ಮೇಡಂ?"

"ಅದು ತಲೆ ಮಾತ್ರ ಆಡ್ಸಲ್ಲ. ಮುಂಗಾಲು ಊರಿ ಮೈಯೆಲ್ಲಾ ಎತ್ತಿ ಇಳಿಸುತ್ತೆ. ದಂಡ ಹೊಡೆದ ಹಾಗೆ. ಅದು ಹೂಂಗುಡೋದಲ್ಲ. ನನ್ನ ಜಾಗ, ದೂರ ನಿಲ್ಲು ಅಂತ ಹೇಳೋದು. ನೀವು ಅದನ್ನ ಹೊಗಳುಭಟ್ಟ ಮಾಡಿಬಿಟ್ರಿ."

ಆಮೇಲೆ ಅಂದರು, "ನಮ್ಮ ಮನೇಲಿ ಒಬ್ಬರಿದ್ದಾರೆ. ಬನ್ನಿ, ನೋಡಿ ಸರಿ ಮಾಡ್ಕೊಳ್ಳಿ."

ಅವರು ಕೋಟೆ ಗೋಡೆಯ ಹಿಂದಿನ ಓಣಿಯಲ್ಲಿ ಒಬ್ಬರೇ ಇರುವುದು. ಕಿಟಕಿಯಲ್ಲಿ ಒಂದು ಪೆಟ್ಟಿಗೆ, ಅದಕ್ಕೆ ಸೊಳ್ಳೆ ಪರದೆ, ಒಳಗೊಂದು ಒಣಗಿದ ಕೊಂಬೆ. ನಾನು ಬಗ್ಗಿ ನೋಡಿದೆ. ಏನೂ ಇಲ್ಲ. ಇನ್ನೂ ಬಗ್ಗಿದೆ. ಕೊಂಬೆಯ ಒಂದು ಗೆಣ್ಣು ಕಣ್ಣು ಹೊರಳಿಸಿತು.

ಏನು ಹೇಳಲಿ, ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಾನು ಹೆಡ್ಮಾಸ್ಟ್ರ ಕೆಮ್ಮು ಕಲಿಯಲು ಒಂದು ವರ್ಷ ತೆಗೆದುಕೊಂಡವನು. ಈತ ಮೇಕಪ್ಪಿಲ್ಲ, ಮೈಕಿಲ್ಲ, ಸುಮ್ಮನೆ ಕೂತು ಕಟ್ಟಿಗೆಯಾಗಿಬಿಟ್ಟಿದ್ದ! ಬಣ್ಣ ಕಟ್ಟಿಗೆಯದು, ಒರಟು ಕಟ್ಟಿಗೆಯದು, ಮೌನವೂ ಕಟ್ಟಿಗೆಯದೇ. ಒಂದು ಕಣ್ಣು ನನ್ನನ್ನು ನೋಡುತ್ತಿತ್ತು. ಇನ್ನೊಂದು ಕಣ್ಣು ಅದರ ಪಾಡಿಗೆ ಒಂದು ಇರುವೆಯನ್ನು ನೋಡುತ್ತಿತ್ತು. (ಮದುವೆ ಮನೆಯಲ್ಲಿ ನೆಂಟರನ್ನೂ ಊಟದ ಪಂಕ್ತಿಯನ್ನೂ ಒಟ್ಟಿಗೆ ನೋಡುವ ಈ ವಿದ್ಯೆ ನಮ್ಮ ಸೋದರಮಾವನೊಬ್ಬನಿಗೆ ಬಿಟ್ಟರೆ ಬೇರೆಯವರಿಗೆ ನಾನು ಕಂಡಿಲ್ಲ.) ಕತ್ತಿನಿಂದ ಬೆನ್ನಿನ ತನಕ ಮುಳ್ಳಿನ ಸಾಲು. ಗಲ್ಲದ ಕೆಳಗೆ ಸಡಿಲವಾದ ಚರ್ಮ, ಸಿಟ್ಟಿಗೆಂದು ಮಡಚಿಟ್ಟ ಗಡ್ಡ.

"ಇವರು ಪಟೇಲ್ರು" ಅಂದರು ಮೇಡಂ. ಕೂರುವ ಠೀವಿ ನೋಡಿದರೆ ಬೇರೆ ಹೆಸರು ಒಪ್ಪುವುದೂ ಇಲ್ಲ.

ಪಟೇಲ್ರ ಹಿಂಗಾಲು ಒಂದು ಸರಿಯಿಲ್ಲ. ಶಾಲೆಯ ಬೇಲಿ ಮೇಲೆ ಕೂತಿದ್ದಾಗ ಯಾರೋ ಕಲ್ಲು ಬೀರಿದರಂತೆ. ಮೇಡಂ ಸೆರಗಿನಲ್ಲಿ ಎತ್ತಿಕೊಂಡು ಬಂದರಂತೆ. ಕಾಲು ಕೂಡಲಿಲ್ಲ. ಏರಲು ಹೋದರೆ ಜಾರುತ್ತದೆ, ಓಡಲು ಹೋದರೆ ವಾಲುತ್ತದೆ. ಹೊರಗೆ ಬಿಟ್ಟರೆ ಮಧ್ಯಾಹ್ನದೊಳಗೆ ಕಾಗೆಯ ಪಾಲು.

"ನಂಗೆ ಕೆ.ಆರ್. ಪೇಟೆಗೆ ಟ್ರಾನ್ಸ್‌ಫರ್ ಆಗಿದೆ" ಅಂದರು ಮೇಡಂ, ಪರದೆ ಸರಿಪಡಿಸುತ್ತಾ. "ರೂಮ್ ಸಿಕ್ಕಿದೆ. ಆದ್ರೆ ಅಲ್ಲಿ ಓನರ್ ಹಲ್ಲಿ ಕಂಡ್ರೆ ಕಿರುಚ್ತಾರೆ. ಇವರನ್ನ ಎಲ್ಲಿ ಬಿಡ್ಲಿ ಅಂತ ಊರೆಲ್ಲಾ ಕೇಳ್ದೆ. ಎಲ್ರೂ ನಗ್ತಾರೆ."

ನಗುವುದು ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ನಾನು ಸಾಕ್ತೀನಿ ಮೇಡಂ" ಅಂದೆ. ಆದರೆ ಬಾಯಿಂದ ಬಂದದ್ದು ಆ ಸಂಜೆಯ ಸಭಾಧ್ಯಕ್ಷರ ದನಿ! ಎದೆ ಉಬ್ಬಿಸಿ, ಕೈ ಎತ್ತಿ, ಆಶ್ವಾಸನೆ ಕೊಡುವ ದನಿ. ಚಟ ನೋಡಿ.

ಮೇಡಂ ನಗಲಿಲ್ಲ. "ಇದನ್ನ ನಿಮ್ಮ ದನೀಲಿ ಹೇಳಿ."

ಹುಡುಕಿದೆ. ನಿಜವಾಗಿಯೂ ಹುಡುಕಿದೆ. ಕಂಡಕ್ಟರ್ ಸಿಕ್ಕ, ಹೆಡ್ಮಾಸ್ಟ್ರು ಸಿಕ್ಕರು, ನಾನು ಸಿಗಲಿಲ್ಲ.

"ಪರ್ವಾಗಿಲ್ಲ, ಹುಡುಕ್ತಾ ಇರಿ" ಅಂದರು ಮೇಡಂ. "ಮೊದಲು ನಾನು ನಿಮ್ಮ ಮನೆ ನೋಡ್ಬೇಕು. ಹಾಗೆಲ್ಲ ಕೊಡಲ್ಲ. ಬರೋ ಭಾನುವಾರ ಬರ್ತೀನಿ. ಸೋಮವಾರ ನಾನು ಹೊರಡ್ಬೇಕು."

ಅಲ್ಲಿಂದ ಶುರುವಾಯಿತು ತಯಾರಿ. ಬೆಳ್ಳೂರು ಕ್ರಾಸಿನಲ್ಲಿ ಒಂದು ಬೇಕರಿ ಮುಚ್ಚುತ್ತಿದ್ದರು. ಅವರ ಬನ್ನು ಇಡುವ ಗಾಜಿನ ಪೆಟ್ಟಿಗೆಯನ್ನು ಬೇಡಿ ತಂದೆ. ಬಸ್ಸಿನ ಟಾಪಿಗೆ ಏರಿಸುವಾಗ ಕಂಡಕ್ಟರ್ ಕೇಳಿದ, "ಒಳಗ್ ಏನೈತೆ?"

"ಇನ್ನೂ ಏನಿಲ್ಲ. ಓತಿಕ್ಯಾತ ಬರ್ಬೇಕು."

"ಒಳ್ಳೇದು. ಅದುಕ್ಕೂ ಟಿಕೆಟ್ ತಗಳಪ್ಪ" ಅಂದ. ನಾನು ಅವನದೇ ದನಿಯಲ್ಲಿ "ಮುಂದಕ್ ಓಗಿ, ಮುಂದಕ್ ಓಗಿ" ಅಂದೆ. ಇಡೀ ಬಸ್ಸು ಮುಂದಕ್ಕೆ ಹೋಯಿತು.

ಪೆಟ್ಟಿಗೆಗೆ ಬಿಸಿ ಬೇಕು ಅಂತ ಟಿವಿಯಲ್ಲಿ ನೋಡಿದ್ದೆ. ಬಲ್ಬು ಕಟ್ಟಿದೆ. ನಮ್ಮೂರಿನ ಕರೆಂಟು ಅದನ್ನು ನೋಡಿ ನಾಚಿ ಓಡಿಹೋಯಿತು. ಇನ್ನು ಊಟ. ಪಟೇಲ್ರು ಮಿಡತೆ ತಿನ್ನುತ್ತಾರೆ, ಅದೂ ಜೀವಂತ. ಅವ್ವನ ಹಳೆಯ ವಾಯಿಲ್ ಸೀರೆಯ ತುಂಡನ್ನು ತಂತಿಗೆ ಹೊಲಿದು, ನಾಲೆ ಏರಿಯ ಮೇಲೆ ದಿನಾ ಸಂಜೆ ನಾನು ಮಿಡತೆ ಹಿಂದೆ ಮಿಡತೆಯಂತೆ ಕುಪ್ಪಳಿಸಿದೆ. ಗದ್ದೆಯಿಂದ ಬರುವವರೆಲ್ಲ ನಿಂತು ನೋಡಿ ಹೋದರು. ಒಬ್ಬರೂ ಏನು ಮಾಡುತ್ತಿದ್ದೀಯ ಅಂತ ಕೇಳಲಿಲ್ಲ. "ಯಾವ್ದೋ ಐಟಮ್ ಪ್ರಾಕ್ಟೀಸ್ ಮಾಡ್ತಾವ್ನೆ" ಅಂದುಕೊಂಡರು. ಅಪ್ಪ ಮಾತ್ರ ಜಗಲಿಯಿಂದಲೇ ಊರಿಗೆಲ್ಲ ಕೇಳುವಂತೆ ಅಂದ, "ಡಿಗ್ರಿ ಮಾಡ್ಸುದ್ನಲ್ಲ, ಇಡೀಲಿ ಬುಡಿ ಮಿಡ್ತೆಯ."

ಆದರೆ ನನಗೆ ಭಯವಿದ್ದದ್ದು ಅಪ್ಪನದಲ್ಲ, ಅವ್ವನದು. ಒಲೆ ಮುಂದೆ ಕೂತಿದ್ದಾಗ ಮೆಲ್ಲಗೆ ಹೇಳಿದೆ. ಕುಂಟ ಓತಿಕ್ಯಾತ, ಮೇಡಂ, ವರ್ಗ, ಭಾನುವಾರ, ಎಲ್ಲ.

ಅವ್ವ ಮುದ್ದೆ ತೊಳಸುತ್ತಿದ್ದ ಹಿಟ್ಟಿನ ದೊಣ್ಣೆ ನಿಲ್ಲಿಸಿದಳು. "ಓತಿಕ್ಯಾತುಂಗೂ ಮನೆ ನೋಡಕ್ ಬತ್ತಾರಾ?"

"ಹೂಂ ಅವ್ವ."

"ಒಪ್ದೆ ಓದ್ರೆ?"

ನಾನು ತಮಾಷೆಗೆ, ಬೆಳಗೊಳದ ಬೀಗರಾಗಬೇಕಿದ್ದವರ ದನಿಯಲ್ಲಿ "ಊರಿಗೋಗಿ ತಿಳಿಸ್ತೀವಿ" ಅಂದೆ. ಅವ್ವ ನಗಲಿಲ್ಲ. ಒಲೆಯ ಕಡೆ ತಿರುಗಿದಳು.

"ನಿಂಗೆ ತಮಾಸೆ. ಅವ್ರು ನೋಡೋದು ನಿನ್ನಲ್ಲ ಕಣ್ಲಾ, ನಾನ್ ಇಟ್ಕೊಂಡಿರೋ ಮನೆಯ. ಮೂರ್ನೇ ಸಲ ಬ್ಯಾಡ ಅನ್ನಿಸ್ಕಳಕ್ಕೆ ನನ್ ಕೈಲಾಯ್ಕಿಲ್ಲ."

ಇಲ್ಲಿ ನಿಮಗೆ ನಮ್ಮ ಹಿತ್ತಿಲಿನ ಕತೆ ಹೇಳಬೇಕು. ಮೊದಲ ಸಲ ನಾಗಮಂಗಲದವರು ಬಂದಾಗ ಹಿತ್ತಿಲ ಬಾಗಿಲು ತೆರೆದಿತ್ತು. ಮದುವೆ ದಲ್ಲಾಳಿಯ ಬಾಯಲ್ಲಿ ಆಮೇಲೆ ಉತ್ತರ ಬಂತು. "ಹುಡುಗ ಪರ್ವಾಗಿಲ್ಲ, ಮುಂದ್ಗಡೆ ಮನೆನೂ ಪರ್ವಾಗಿಲ್ಲ. ಇತ್ಲು ಕಾಡಿದ್ದಂಗೈತಂತೆ. ಉಳ ಉಪ್ಪಟೆ ಅಂತೆ." ಎರಡನೇ ಸಲ ಅವ್ವ ಆ ಬಾಗಿಲಿಗೆ ಹೂವಿನ ಬೆಡ್‌ಶೀಟ್ ಕಟ್ಟಿದಳು. ಬೆಳಗೊಳದ ಹಿರಿಯರು ಕಾಫಿ ಲೋಟ ಎತ್ತಿದ ಸಮಯಕ್ಕೆ ಸರಿಯಾಗಿ ಬೆಡ್‌ಶೀಟಿನ ಕೆಳಗಿನಿಂದ ಒಂದು ಜರಿ, ತನ್ನ ಅಷ್ಟೂ ಕಾಲುಗಳ ಸಮೇತ, ಹಾಲ್ ದಾಟಿ ಅವರ ಚಪ್ಪಲಿಯ ಕಡೆ ಹೋಯಿತು. ಅಲ್ಲಿಗೆ ಸಂಬಂಧವೂ ಹೋಯಿತು.

ಇದರಲ್ಲಿ ನಮ್ಮ ಮನೆಯದೇನು ವಿಶೇಷ? ಯಾರು ಮುಚ್ಚುವುದಿಲ್ಲ ಹೇಳಿ? ನೆಂಟರು ಬರುತ್ತಾರೆ ಅಂದರೆ ಕಾಲು ಮುರಿದ ಕುರ್ಚಿ ಅಟ್ಟಕ್ಕೆ, ಕುಡಿಯುವ ಚಿಕ್ಕಪ್ಪ ಇನ್ನೊಂದೂರಿಗೆ. ಪಕ್ಕದ ಮನೆಯ ಸ್ಟೀಲ್ ಲೋಟ ನಮ್ಮ ಮನೆಗೆ, ನಮ್ಮ ಮನೆಯ ಸೊಟ್ಟ ಲೋಟ ಮಂಚದ ಕೆಳಗೆ. ಬಂದವರು ನೋಡುವುದು ನಮ್ಮ ಮನೆಯನ್ನಲ್ಲ, ಬೀದಿಯವರೆಲ್ಲ ಸೇರಿ ಕಟ್ಟಿಕೊಟ್ಟ ಒಂದು ಸೆಟ್ಟಿಂಗನ್ನು. ಮಿಮಿಕ್ರಿ ಮಾಡುವವನು ನಾನೊಬ್ಬನೇ ಅಂತ ಊರು ನಗುತ್ತದೆ.

ಭಾನುವಾರ ಬೆಳಗ್ಗೆ ಮೇಡಂ ಅವರನ್ನು ಕರೆತರಲು ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಇಳಿದವರ ಕೈಯಲ್ಲಿ ಬಟ್ಟೆ ಮುಚ್ಚಿದ ಬಿದಿರಿನ ಬುಟ್ಟಿ.

"ಪಟೇಲ್ರನ್ನೇ ಕರ್ಕೊಂಡ್ ಬಂದ್ರಾ?"

"ಇರ್ಬೇಕಾದೋರು ಅವರಲ್ವಾ? ಅವರೇ ನೋಡ್ಲಿ."

ಎಂಥ ಮಾತು! ನಮ್ಮಲ್ಲಿ ಹೆಣ್ಣಿನ ಕಡೆಯಿಂದ ಮನೆ ನೋಡಲು ದೊಡ್ಡಪ್ಪ ಬರುತ್ತಾನೆ, ಸೋದರಮಾವ ಬರುತ್ತಾನೆ, ಕಾರು ಇದೆ ಅನ್ನುವ ಕಾರಣಕ್ಕೆ ಮಾವನ ಗೆಳೆಯನೂ ಬರುತ್ತಾನೆ. ಆ ಮನೆಯಲ್ಲಿ ಬಾಳಬೇಕಾದ ಹುಡುಗಿ ಮಾತ್ರ ಬರುವುದಿಲ್ಲ. ಓತಿಕ್ಯಾತನಿಗೆ ಸಿಕ್ಕ ಮರ್ಯಾದೆ ಅದು. ನಾನು ಬುಟ್ಟಿಗೆ ಮನಸ್ಸಿನಲ್ಲೇ ಕೈಮುಗಿದು ಮನೆಯ ದಾರಿ ತೋರಿಸಿದೆ.

ಬೀದಿಯ ತಿರುವಿನಲ್ಲೇ ಫಿನಾಯಿಲ್ ವಾಸನೆ ಎದುರುಗೊಂಡಿತು.

ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಹೊತ್ತಿನಲ್ಲಿ ಅವ್ವ ಯುದ್ಧ ಮಾಡಿ ಮುಗಿಸಿದ್ದಳು. ಗೋಡೆಗೆ ಸುಣ್ಣ ಹಿಂದಿನ ದಿನವೇ ಆಗಿತ್ತು. ಈಗ ಮೂಲೆಮೂಲೆಗೂ ತಿಗಣೆ ಔಷಧಿ ಹೊಡೆದು, ನೆಲವನ್ನು ಫಿನಾಯಿಲ್‌ನಲ್ಲಿ ಒರೆಸಿ, ಪಕ್ಕದ ಮನೆಯ ಕುರ್ಚಿ ಜೋಡಿಸಿದ್ದಳು. ಹೂವಿನ ಬೆಡ್‌ಶೀಟ್ ಹಿತ್ತಿಲ ಬಾಗಿಲ ಮೇಲೆ, ಈ ಸಲ ಜರಿ ನುಸುಳದಂತೆ ಕೆಳಗೂ ಮೊಳೆ. ನನ್ನ ಬನ್ನಿನ ಪೆಟ್ಟಿಗೆ ಥಳಥಳ ಹೊಳೆಯುತ್ತಿತ್ತು. ಒಳಗೆ ಘಮಘಮ ಅನ್ನಲಿ ಅಂತ ನಾಲ್ಕು ಮೂಲೆಗೂ ಬೀರುವಿಗೆ ಹಾಕುವ ಬಿಳಿ ಗುಳಿಗೆ. ಕಿಟಕಿಯಲ್ಲಿಟ್ಟಿದ್ದ ಬಾಟಲಿಯಲ್ಲಿ ನನ್ನ ವಾರದ ಸಂಪಾದನೆ, ಅಷ್ಟೂ ಮಿಡತೆಗಳು ಅಂಗಾತ ಬಿದ್ದು ಸ್ವರ್ಗ ನೋಡುತ್ತಿದ್ದವು.

ಅವ್ವ ರೇಷ್ಮೆ ಸೀರೆ ಉಟ್ಟಿದ್ದಳು. ಮುಖದಲ್ಲಿ ಎಂಥ ಹೆಮ್ಮೆ ಅಂದರೆ, ನನಗೆ ಬಾಟಲಿಯನ್ನು ಬೆನ್ನ ಹಿಂದೆ ಮುಚ್ಚಿಕೊಳ್ಳಬೇಕು ಅನ್ನಿಸಿತು.

"ಬನ್ನಿ ಮೇಡಮ್ಮಾರೆ, ಕುಂತ್ಕಳಿ. ಒಂದ್ ಇರುವೆ ಇಲ್ಲ ನೋಡಿ ನಮ್ ಮನೇಲಿ!"

ಮೇಡಂ ಕೂತರು. ಬುಟ್ಟಿಯನ್ನು ನೆಲಕ್ಕಿಡದೆ ತೊಡೆಯ ಮೇಲೇ ಇಟ್ಟುಕೊಂಡರು. ಪೆಟ್ಟಿಗೆ ನೋಡಿದರು. ಬಾಗಿಲು ತೆರೆದು ಮೂಸಿದರು.

"ಇದನ್ನ ಬಿಸಿಲಿಗೆ ಇಡೋ ಯೋಚನೇನಾ?"

"ಹೌದು ಮೇಡಂ. ಕರೆಂಟ್ ನಂಬಕ್ಕಾಗಲ್ಲ. ಬಿಸಿಲಾದ್ರೆ ಪುಕ್ಕಟೆ."

"ಸುತ್ತಾ ಗಾಜು. ಮೇಲೆ ಬಿಸಿಲು. ಪಟೇಲ್ರನ್ನ ಸಾಕ್ತೀರೋ, ಬನ್ನು ಬೇಯಿಸ್ತೀರೋ?"

ಅಪ್ಪ ಜಗಲಿಯಲ್ಲಿ ಕೆಮ್ಮಿದ. (ಅದು ಕೆಮ್ಮಲ್ಲ. ನನಗೆ ಗೊತ್ತು, ಆ ಕೆಮ್ಮನ್ನು ನಾನು ಎಷ್ಟೋ ಸಲ ಸ್ಟೇಜಿನಲ್ಲಿ ಮಾಡಿದ್ದೇನೆ.)

ಅವ್ವ ಉಪ್ಪಿಟ್ಟು ತಂದಳು, ಕೇಸರಿಬಾತು ತಂದಳು. ಮೇಡಂ ಸುಮ್ಮನೆ ಗೋಡೆ ನೋಡಿದರು, ಸೂರು ನೋಡಿದರು, ಬಾಟಲಿ ನೋಡಿದರು. ಬುಟ್ಟಿಯ ಬಟ್ಟೆ ಒಂದು ಚೂರು ಸರಿಸಿ ಒಳಗೆ ನೋಡಿ ಮತ್ತೆ ಮುಚ್ಚಿದರು. ಎರಡು ಸಲ ಕಂಡ ಮುಖಭಾವ ಅದು. ಆ ಮುಖಭಾವ ಮಾಡಲೂ ನನಗೆ ಬರುತ್ತದೆ.

"ಅಮ್ಮಾ, ಮನೆ ತುಂಬಾ ಚೆನ್ನಾಗಿದೆ" ಅಂದರು. "ನನ್ನ ಮನೆಗಿಂತ ಚೊಕ್ಕಟವಾಗಿದೆ. ಅದೇ ಕಷ್ಟ. ಈ ಔಷಧಿ ಗಾಳೀಲಿ ಅವರು ಬದುಕಲ್ಲ. ತಿನ್ನೋಕೆ ಒಂದು ಹುಳಾನೂ ಇಲ್ಲ. ನೀವು ನಮಗೋಸ್ಕರ ಇಷ್ಟು ಮಾಡಿದ್ದೀರಿ, ಹೇಗೆ ಹೇಳೋದು ಗೊತ್ತಾಗ್ತಿಲ್ಲ. ಇಲ್ಲಿ ಬಿಡೋಕಾಗಲ್ಲ."

ಅವ್ವನ ಕೈಯಲ್ಲಿ ಕಾಫಿ ತಟ್ಟೆ ಇತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಪಟೇಲ್ರು ಹೋಗುತ್ತಾರೆ ಅಂತಲ್ಲ. ಅವ್ವ ಮೇಡಂ ಮುಖ ನೋಡದೆ ಆ ಬೆಡ್‌ಶೀಟನ್ನೇ ನೋಡುತ್ತಿದ್ದಳು.

"ಮೊದ್ಲು ಬಂದೋರು ಉಳ ಅದೆ ಅಂತ ಬ್ಯಾಡ ಅಂದ್ರು. ಎಲ್ಡ್‌ನೇರೂ ಉಳ ಅದೆ ಅಂತ ಬ್ಯಾಡ ಅಂದ್ರು. ನೀವು ಉಳ ಇಲ್ಲ ಅಂತ ಬ್ಯಾಡ ಅಂತೀರಿ. ನಾನ್ ಇನ್ನೆಂಗ್ ಇಟ್ಕೋಬೇಕು ಏಳಿ ಮನೆಯ?"

ಅಪ್ಪನ ಕೆಮ್ಮೂ ನಿಂತಿತು. ನಾನು ಏನಾದರೂ ಮಾಡಿ ನಗಿಸೋಣ ಅಂತ ಬಾಯಿ ತೆರೆದೆ. ಒಬ್ಬನ ದನಿಯೂ ಸಹಾಯಕ್ಕೆ ಬರಲಿಲ್ಲ.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸೀದಾ ಹಿತ್ತಿಲ ಬಾಗಿಲಿಗೆ ಹೋದಳು. ಬೆಡ್‌ಶೀಟನ್ನು ಹಿಡಿದು ಒಂದೇ ಸಲಕ್ಕೆ ಎಳೆದಳು. ಮೊಳೆಗಳು ಟಣ್ ಟಣ್ ಅಂತ ಸಿಡಿದವು.

"ಬನ್ನಿ. ಉಳ ತಾನೆ ಬೇಕು? ಅದುನ್ನೂ ನೋಡ್ಕಂಡೇ ಓಗಿ."

ಬಾಗಿಲು ತೆರೆಯಿತು. ಬಿಸಿಲು ಒಳಗೆ ಬಿತ್ತು.

ನಮ್ಮ ಹಿತ್ತಿಲನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿಯೇ ಇರಲಿಲ್ಲ ಅಂತ ಅವತ್ತು ಗೊತ್ತಾಯಿತು. ಅರ್ಧ ಕುಸಿದ ಮಣ್ಣಿನ ಗೋಡೆ, ಅದರ ಮೇಲೆ ಬೆಳಗಿನ ಬಿಸಿಲು ಬೆಣ್ಣೆ ಸವರಿದ ಹಾಗೆ. ಪಾತ್ರೆ ತೊಳೆದ ನೀರು ಹೋಗುವ ಕಡೆ ಕೆಸುವಿನ ಎಲೆ, ಬಾಳೆ. ಕೊಂಬೆಕೊಂಬೆಗೂ ಕಂಬಳಿಹುಳ ಹೊತ್ತ ನುಗ್ಗೆಮರ. ಅದರ ಬುಡದಲ್ಲಿ ಸಾಲುಗಟ್ಟಿದ ಗೊದ್ದ, ದಪ್ಪ ಕಪ್ಪು ಇರುವೆ. ಹಳೇ ಸೌದೆ ರಾಶಿ, ಅದರೊಳಗೆ ಯಾವ್ಯಾವುದೋ ಚಿಲಿಪಿಲಿ. ಅವರೆ ಚಪ್ಪರದ ಮೇಲೆ ಹಸಿರು ಮಿಡತೆಗಳು ಸಭೆ ಸೇರಿದ್ದವು. ನಾನು ಒಂದು ವಾರ ನಾಲೆ ಏರಿಯ ಮೇಲೆ ಕುಪ್ಪಳಿಸಿದ್ದೆನಲ್ಲ, ಅಷ್ಟು ಮಿಡತೆ ಅಡಿಗೆಮನೆಯಿಂದ ಕೈಚಾಚಿದರೆ ಸಿಗುತ್ತಿತ್ತು!

ಮೇಡಂ ಹೊಸಿಲ ಮೇಲೆ ನಿಂತುಬಿಟ್ಟರು.

"ಅಮ್ಮಾ, ಇದನ್ನ ಯಾಕೆ ಮುಚ್ಚಿದ್ರಿ?"

"ಬಂದೋರ್ಗೆಲ್ಲ ತೋರ್ಸೋ ಅಂತದ್ದಾ ಇದು?"

"ಇದನ್ನ ನೀವೇ ಬೆಳೆಸಿದ್ದಾ?"

"ಬೆಳ್ಸೋದೇನ್ ಬಂತು? ಬಂದದ್ದ ಕಿತ್ತಾಕಕ್ಕೆ ಮನ್ಸಾಗಕಿಲ್ಲ. ಅದೂ ಒಂದ್ ಜೀವ, ಇರ್ಲಿ ಬುಡು ಅಂತ ಬುಟ್ಟಿದೀನಿ."

ಮೇಡಂ ಹಿತ್ತಿಲಿಗೆ ಇಳಿದರು. ನುಗ್ಗೆಮರದ ಕೆಳಗೆ ಕೂತು ಬುಟ್ಟಿಯ ಬಟ್ಟೆ ತೆಗೆದರು. ಪಟೇಲ್ರನ್ನು ಅಂಗೈಯಲ್ಲಿ ಎತ್ತಿ, ಬಿಸಿಲು ಬಿದ್ದ ಸೌದೆಯ ತುದಿಯ ಮೇಲೆ ಬಿಟ್ಟರು.

ಪಟೇಲ್ರು ಸೌದೆಯಾದರು. ಜಗಲಿಯಲ್ಲಿದ್ದ ಅಪ್ಪ ಯಾವಾಗ ಬಂದು ನನ್ನ ಹಿಂದೆ ನಿಂತಿದ್ದನೋ ಗೊತ್ತಿಲ್ಲ. ಪಟೇಲ್ರ ಒಂದು ಕಣ್ಣು ಅವ್ವನನ್ನು ನೋಡಿತು. ಇನ್ನೊಂದು ಕಣ್ಣು ಸುತ್ತ ತಿರುಗಿ ಒಂದು ಗೊದ್ದದ ಮೇಲೆ ನಿಂತಿತು. ನಾಲಿಗೆ ಹೋದದ್ದು, ಬಂದದ್ದು ಯಾರಿಗೂ ಕಾಣಲಿಲ್ಲ. ಗೊದ್ದ ಇರಲಿಲ್ಲ. ಅಷ್ಟೇ. ಊಟ ಬಡಿಸಿದವರನ್ನು ಹೊಗಳುವ ಇಷ್ಟು ಚುಟುಕಾದ ಭಾಷಣವನ್ನು ನಾನು ಯಾವ ಬೀಗರ ಊಟದಲ್ಲೂ ಕೇಳಿಲ್ಲ.

ಆಮೇಲೆ ನಡೆದದ್ದು ಕೇಳಿ. ಕುಂಟ ಕಾಲನ್ನು ಪಕ್ಕಕ್ಕೆ ಎಳೆದುಕೊಂಡರು. ಮುಂಗಾಲು ಊರಿದರು. ತಲೆ, ಕತ್ತು, ಎದೆ ಕೆಂಪೇರುತ್ತಾ ಬಂತು. ಗಲ್ಲದ ಗಡ್ಡ ಬಿಚ್ಚಿಕೊಂಡಿತು. ಮೈ ಮೇಲೆದ್ದಿತು, ಇಳಿಯಿತು, ಎದ್ದಿತು, ಇಳಿಯಿತು. ಮೂರೂವರೆ ಕಾಲಿನ ದಂಡ! ನಾನು ಸ್ಟೇಜಿನಲ್ಲಿ ಮಾಡಿದ್ದು ನೆನಪಾಗಿ ಕಿವಿ ಬಿಸಿಯಾಯಿತು.

"ಇದ್ಯಾಕಿಂಗ್ ಮಾಡ್ತದೆ? ಉಸಾರಿಲ್ವಾ?" ಅಂದಳು ಅವ್ವ.

"ಇಲ್ಲಮ್ಮ. ಕಾಲು ಮುರಿದ ಮೇಲೆ ಇವರು ಹೀಗೆ ಮಾಡಿದ್ದು ನಾನು ನೋಡಿಲ್ಲ." ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಈ ಜಾಗ ನಂದು ಅಂತ ಹೇಳ್ತಿದ್ದಾರೆ."

ಅವ್ವ ಪಟೇಲ್ರ ಹತ್ತಿರ ಬಗ್ಗಿದಳು. ಇದುವರೆಗೆ ನಮ್ಮ ಹಿತ್ತಿಲನ್ನು ತನಗೆ ಬೇಕು ಅಂದವರು ಯಾರೂ ಇರಲಿಲ್ಲ.

"ನಿಮ್ದೇ ಬುಡಿ ಪಟೇಲ್ರೇ" ಅಂದಳು. "ಯಾರ್ ಇಲ್ಲ ಅಂದೋರು?"

ಮೇಡಂ ನನ್ನ ಕಡೆ ತಿರುಗಿದರು. "ಜಾಗ ಸರಿ. ಬೆಕ್ಕು ಬರುತ್ತೆ, ಕಾಗೆ ಬರುತ್ತೆ. ಸಂಜೆ ಒಳಗೆ ಇಡ್ಬೇಕು, ಬೆಳಗ್ಗೆ ಬಿಸಿಲಿಗೆ ತರ್ಬೇಕು. ಎಲೆ ಮೇಲೆ ನೀರು ಚಿಮುಕಿಸ್ಬೇಕು, ಹನಿ ನೆಕ್ಕಿಯೇ ಕುಡಿಯೋದು ಇವರು. ದಿನಾ. ಪ್ರೋಗ್ರಾಮ್ ಇದ್ರೂ, ಇಲ್ದಿದ್ರೂ. ಯಾರು ನೋಡ್ಕೋತಾರೆ?"

"ನಾನು ನೋಡ್ಕೋತೀನಿ ಮೇಡಂ."

ಒಂದು ಸಣ್ಣ, ಸ್ವಲ್ಪ ಒಡಕಲು ದನಿ. ಎಲ್ಲಿಂದ ಬಂತೋ ನನಗೂ ತಿಳಿಯಲಿಲ್ಲ.

ಅವ್ವ ಥಟ್ಟನೆ ನನ್ನ ಮುಖ ನೋಡಿದಳು. "ಇದ್ಯಾರ್ ದನಿ ಮಾಡ್ದೆಲಾ? ಎಲ್ಲೂ ಕೇಳೇ ಇಲ್ವಲ್ಲ."

ಮೇಡಂ ಆವತ್ತು ಮೊದಲ ಸಲ ನಕ್ಕರು. ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡರು. "ಊರಿಗೆ ಹೋಗಿ ತಿಳಿಸ್ತೀವಿ" ಅನ್ನಲಿಲ್ಲ. ಖಾಲಿ ಬುಟ್ಟಿ ಹಿಡಿದು ಬಸ್ ಹತ್ತಿ ಕೂತ ಮೇಲೆ ಮಾತ್ರ, ಕಿಟಕಿಯಿಂದ ಬಗ್ಗಿ, "ಮೊದಲೆರಡು ದಿನ ತಿನ್ನದೇ ಇದ್ರೆ ಗಾಬರಿ ಆಗ್ಬೇಡಿ" ಅಂದರು. ಮಗಳನ್ನು ಕಳಿಸಿಕೊಟ್ಟವರ ಮಾತು. ಬುಟ್ಟಿಯನ್ನು ಖಾಲಿಯಾದ ಮೇಲೂ ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಈಗ ಬನ್ನಿನ ಪೆಟ್ಟಿಗೆಯ ಗಾಜು ತೆಗೆದು ಸೊಳ್ಳೆ ಪರದೆ ಬಡಿದಿದ್ದೇವೆ. ತೊಳೆದು ಒಣಗಿಸಿ ಗುಳಿಗೆ ವಾಸನೆ ಹೋಗಿಸಲು ಮಾತ್ರ ಸಾಕುಸಾಕಾಯಿತು. ಹಿತ್ತಿಲ ಸೂರಿನ ಕೆಳಗೆ ಅದು ಪಟೇಲ್ರ ಚಾವಡಿ. ಬೆಳಗ್ಗೆ ನಾನು ಬಿಸಿಲಿಗೆ ಇಡುತ್ತೇನೆ. ಅಂಗಳಕ್ಕೆ ನೀರು ಚಿಮುಕಿಸುವ ಚೊಂಬಿನಲ್ಲೇ ಅವ್ವ ಎಲೆಗಳ ಮೇಲೂ ನಾಲ್ಕು ಹನಿ ಹಾಕುತ್ತಾಳೆ. ಅಪ್ಪ ಪೇಪರ್ ಓದುವ ಕುರ್ಚಿ ಜಗಲಿಯಿಂದ ಹಿತ್ತಿಲಿಗೆ ಬಂದಿದೆ. ಕಾಗೆ ಓಡಿಸಲು ಅಂತೆ. ನಾನು ಪಟೇಲ್ರ ಮುಂದೆ ಕೂತು ದಂಡ ಕಲಿಯುತ್ತಿದ್ದೇನೆ, ಇನ್ನೂ ಬಂದಿಲ್ಲ. ಗುರುಗಳು ಒಂದೇ ಕಣ್ಣಿನಲ್ಲಿ ನೋಡುತ್ತಾರೆ. ಇನ್ನೊಂದು ಕಣ್ಣಿಗೆ ನನಗಿಂತ ರುಚಿಯಾದದ್ದು ಏನಾದರೂ ಕಂಡೇ ಇರುತ್ತದೆ.

ಬರುವ ಭಾನುವಾರ ಕೆ.ಆರ್. ಪೇಟೆ ಕಡೆಯಿಂದ ಮನೆ ನೋಡಲು ಬರುತ್ತಾರಂತೆ. ಈ ಸಲ ಹೆಣ್ಣಿನ ಕಡೆಯವರೇ. ಅವ್ವ ದಲ್ಲಾಳಿಗೆ ಎರಡು ಮಾತು ಹೇಳಿ ಕಳಿಸಿದ್ದಾಳೆ. ಹುಡುಗಿಯನ್ನೂ ಕರೆದುಕೊಂಡು ಬರಬೇಕು. ಬರುವುದು ಹಿತ್ತಿಲ ಕಡೆಯಿಂದಲೇ ಬರಬೇಕು.

ಹೂವಿನ ಬೆಡ್‌ಶೀಟ್ ಈಗ ಒಗೆದು, ಮಡಚಿ, ಬೀರುವಿನ ಮೇಲಿದೆ. ಯಾರಿಗಾದರೂ ಬೇಕಿದ್ದರೆ ಕೊಡುತ್ತೇವೆ. ಅಂದ ಹಾಗೆ, ನಿಮ್ಮ ಮನೆಯಲ್ಲಿ ಅದನ್ನು ಯಾವ ಬಾಗಿಲಿಗೆ ಕಟ್ಟುತ್ತೀರಿ?